ಬಾಯಿಪಾಠಕ್ಕೆ ಎಟುಕದ ಆಳ

ಬೈನರಿ ಟ್ರೀಯ ಆಳವನ್ನು ಕಂಡುಹಿಡಿಯುವ ಪ್ರೋಗ್ರಾಮು ಮೂರೇ ಸಾಲಿನದು, ಉರು ಹೊಡೆದುಬಿಡಿ, ಸಂದರ್ಶನದಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಮಕ್ಕಳಿಗೆ ಬೋಧಿಸುವ ಪಂಡಿತರಿದ್ದಾರೆ. ವರ್ಷಗಟ್ಟಲೆ ಮಗ್ಗಿ ಹೇಳಿಸಿದ ನಾನು ಕಂಠಪಾಠದ ವೈರಿಯಲ್ಲ. ಆದರೆ ಇಲ್ಲಿ ಅದು ವಿದ್ಯೆಗೆ ಬಗೆಯುವ ದ್ರೋಹ.

ಗೀತೆಯ ಅಶ್ವತ್ಥದಂತೆ ಈ ಮರಕ್ಕೂ ಬೇರು ಮೇಲೆ, ಕೊಂಬೆ ಕೆಳಗೆ. ನೋಡ್ ಎಂದು ಕರೆಯುವ ಪ್ರತಿ ಗಂಟಿಗೂ ಹೆಚ್ಚೆಂದರೆ ಎರಡು ಕವಲು. ಬೇರಿನಿಂದ ಅತಿ ದೂರದ ಎಲೆಯವರೆಗೆ ಸಿಗುವ ಗಂಟುಗಳ ಸಂಖ್ಯೆಯೇ ಆಳ. ಎಡಭಾಗದ ಆಳ, ಬಲಭಾಗದ ಆಳ, ಇವೆರಡರಲ್ಲಿ ದೊಡ್ಡದಕ್ಕೆ ಒಂದನ್ನು ಕೂಡಿಸಿದರೆ ಉತ್ತರ. ಆ ಭಾಗಗಳ ಆಳವನ್ನು ತಿಳಿಯುವುದೂ ಇದೇ ಕ್ರಮದಿಂದ. ಖಾಲಿ ಮರ ಎದುರಾದಾಗ ಸೊನ್ನೆ ಎಂದು ಹೇಳಿ ನಿಲ್ಲುವುದು. ಇದಕ್ಕೆ ರಿಕರ್ಷನ್ ಎಂದು ಹೆಸರು.

ಇದು ಮಕ್ಕಳಿಗೆ ಅರ್ಥವಾಗದಂತೆ! ಮನೆತನದಲ್ಲಿ ಎಷ್ಟು ತಲೆಮಾರು ಎಂದು ಅಜ್ಜನನ್ನು ಕೇಳಿ. ಆತ ಇಬ್ಬರು ಮಕ್ಕಳನ್ನು ಕರೆದು, ನಿಮ್ಮ ನಿಮ್ಮ ಕಡೆ ಎಷ್ಟೆಂದು ವಿಚಾರಿಸಿ, ದೊಡ್ಡ ಸಂಖ್ಯೆಗೆ ತನ್ನದೊಂದನ್ನು ಸೇರಿಸುತ್ತಾನೆ. ಮಕ್ಕಳೂ ತಮ್ಮ ಮಕ್ಕಳನ್ನು ಹಾಗೆಯೇ ಕೇಳುತ್ತಾರೆ. ಇದರಲ್ಲಿ ತಿಳಿಯದಿರುವುದೇನು?

ಪರೀಕ್ಷೆ ಬೇಕೆ? ಬೇರಿಗೆ ಅತಿ ಸಮೀಪದ ಎಲೆ ಎಷ್ಟು ಆಳದಲ್ಲಿದೆ ಎಂದು ಕೇಳಿರಿ. ಉರು ಹೊಡೆದ ಹುಡುಗ 'ದೊಡ್ಡದು' ಎಂಬಲ್ಲಿ 'ಚಿಕ್ಕದು' ಎಂದು ತಿದ್ದಿ ಕೈ ಕಟ್ಟಿ ಕೂರುತ್ತಾನೆ. ಬೇರಿನ ಎಡಕ್ಕೆ ಒಂದೇ ಗಂಟು, ಬಲಕ್ಕೆ ಏನೂ ಇಲ್ಲದ ಮರವನ್ನು ಕೊಡಿರಿ. ಅವನ ಪ್ರೋಗ್ರಾಮು ಬಲಗಡೆಯ ಸೊನ್ನೆಯನ್ನೇ ಆರಿಸಿಕೊಂಡು 1 ಎನ್ನುತ್ತದೆ. ಸರಿಯುತ್ತರ 2. ಇಲ್ಲದ ಕವಲು ಎಲೆಯಲ್ಲವೆಂದು ಅವನಿಗೆ ಹೇಳಿದವರಾದರೂ ಯಾರು? ಸೊನ್ನೆಯ ಸಾಲನ್ನು ಬರಿಯ ಶಿಷ್ಟಾಚಾರವೆಂದು ದಾಟಿಸಿದವರು ಇದಕ್ಕೆ ಉತ್ತರಿಸಲಿ.

ಆಳವನ್ನು ಏಕೆ ಅಳೆಯಬೇಕೆಂಬುದನ್ನೂ ಇವರು ಹೇಳುವುದಿಲ್ಲ. ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ ಎಂಬ ನಿಯಮದ ಮರದಲ್ಲಿ 10 ಲಕ್ಷ ಸಂಖ್ಯೆಗಳನ್ನು ಒಪ್ಪವಾಗಿ ಜೋಡಿಸಿದರೆ ಆಳ 20. ಯಾವುದನ್ನು ಹುಡುಕಲೂ 20 ಹೆಜ್ಜೆ ಸಾಕು. ಅವೇ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಒಂದೊಂದಾಗಿ ಸೇರಿಸುತ್ತ ಹೋದರೆ ಮರವೆಲ್ಲ ಬಲಕ್ಕೇ ಇಳಿದು ಆಳವೂ 10 ಲಕ್ಷ! ರಿಕರ್ಷನ್ನಿಗೆ ಪೈಥಾನ್ ಭಾಷೆ ತಾನಾಗಿ ಹಾಕಿಕೊಂಡಿರುವ ಮಿತಿ 1000. ಕಂಠಸ್ಥವಾದ ಮೂರು ಸಾಲು ಅಲ್ಲಿ ದೋಷ ತೋರಿ ನಿಂತುಬಿಡುತ್ತದೆ. ಮಟ್ಟ ಮಟ್ಟವಾಗಿ ಎಣಿಸುತ್ತ ಇಳಿಯುವ ಬೇರೆ ದಾರಿಯೂ ಉಂಟು. ಅದನ್ನು ಕಲಿಸುವ ವ್ಯವಧಾನ ಯಾರಿಗಿದೆ? ಸೋವಿಯತ್ ಒಕ್ಕೂಟದ ಅದೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ 1962ರಲ್ಲಿಯೇ, ಪ್ರತಿ ಗಂಟಿನಲ್ಲೂ ಎಡಬಲದ ಆಳಗಳ ಅಂತರ ಒಂದನ್ನು ಮೀರದಂತೆ ಮರವನ್ನು ತಿದ್ದುವ ಉಪಾಯವನ್ನು ತೋರಿಸಿದರು. ಅಂತಹ ಮರದಲ್ಲಿ 10 ಲಕ್ಷ ಗಂಟುಗಳಿದ್ದರೂ ಆಳ 28ನ್ನು ದಾಟದು.