ಟ್ರಂಕಿನೊಳಗಿನ ರಾಕ್ಷಸರು

ಮಳೆಗಾಲ ಮುಗಿಯಿತೆಂದರೆ ನಮ್ಮ ಶಿರಾಲಿಯಲ್ಲಿ ಪುಸ್ತಕ ಇಟ್ಟುಕೊಂಡವರಿಗೆ ಒಂದು ಕೆಲಸ ಹೆಚ್ಚು. ನಾಲ್ಕು ತಿಂಗಳ ಥಂಡಿ ಕುಡಿದ ಕಾಗದಕ್ಕೆ ಗಾಳಿ ಹಾಯಿಸಬೇಕು. ಈ ಸಲ ಅಟ್ಟದ ಮೇಲಿನ ಟ್ರಂಕನ್ನೂ ಇಳಿಸಿದೆ. ಒಳಗೆ ನನ್ನ ಬಾಲ್ಯದ ಕಾಮಿಕ್ಸು. ಮುಂಬಯಿಯ ಸೋದರಮಾವ ಮೇ ರಜೆಗೆ ಬರುವಾಗ ತರುತ್ತಿದ್ದ ಇಂದ್ರಜಾಲ, ಅಪ್ಪ ಭಟ್ಕಳದಲ್ಲಿ ಕೊಡಿಸಿದ ಕನ್ನಡದ ಅಮರ ಚಿತ್ರ ಕಥೆ. ಒಟ್ಟು 63, ಗೆದ್ದಲಿನ ಪಾಲಾದದ್ದು 5. ಹಾಳೆಗಳೆಲ್ಲ ಹಳದಿ. ಕಾಗದದ ಲಿಗ್ನಿನ್ ಆಮ್ಲಜನಕದೊಡನೆ ಸೇರಿದರೆ ಹೀಗೆಯೇ ಆಗುವುದು ಎಂದು ಪಾಠ ಹೇಳುವವನಿಗೂ ಬೇಸರ ತಪ್ಪಲಿಲ್ಲ.

ಅಮರ ಚಿತ್ರ ಕಥೆಯ ಬಗ್ಗೆ ನಮಗೊಂದು ಹೆಮ್ಮೆ ಇರಬೇಕಾದದ್ದೇ. ಅದರ ಸಂಪಾದಕರಾಗಿ ಹೆಸರಾದ ಅನಂತ ಪೈ ಕಾರ್ಕಳದವರು. ಅವರಿಗಿಂತ ಮೊದಲೇ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಇದೇ ಹೆಸರಿನಲ್ಲಿ ಕನ್ನಡ ಪುಸ್ತಕಗಳನ್ನು ಹೊರತಂದಿದ್ದರು. ಸಿಂಡರೆಲಾ, ಪಿನೋಕಿಯೋ ಮುಂತಾದ ಪರದೇಶದ ಕಥೆಗಳು. ಅದಕ್ಕೇ ಇಂಗ್ಲಿಷಿನ ಪಟ್ಟಿಯಲ್ಲಿ 'ಕೃಷ್ಣ'ನ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಎಂದು ಹುಡುಕಿದವರಿಗೆ ಉತ್ತರ ಕನ್ನಡದಲ್ಲಿತ್ತು!

ಫ್ಯಾಂಟಮ್ ಓದಲು ಕೂತೆ. ಹನ್ನೆರಡನೇ ವಯಸ್ಸಿನಲ್ಲಿ ಅವನ ತಲೆಬುರುಡೆಯ ಉಂಗುರಕ್ಕಾಗಿ ತಗಡು ಕತ್ತರಿಸಿ ಕೈ ಕೊಯ್ದುಕೊಂಡವನು ನಾನು. ಈಗ ಓದಿದರೆ, ಕಾಡಿನವರೆಲ್ಲ ನಾಲ್ಕು ನೂರು ವರ್ಷ ಒಬ್ಬ ಬಿಳಿಯನ ದಾರಿ ಕಾಯುತ್ತ ಕೂತಿದ್ದಾರೆ! ಬರೆದ ಲೀ ಫಾಕ್ ಅವರೇ ಸೃಷ್ಟಿಸಿದ ಮ್ಯಾಂಡ್ರೇಕನ ಗೆಳೆಯ ಲೋಥರ್ 1934ರಲ್ಲಿ ಚಿರತೆಯ ಚರ್ಮ ಹೊದ್ದು ಹರಕು ಇಂಗ್ಲಿಷ್ ಆಡುತ್ತಿದ್ದ. 1965ರ ಹೊತ್ತಿಗೆ ಹೊಸ ಚಿತ್ರಕಾರ ಫ್ರೆಡ್ ಫ್ರೆಡರಿಕ್ಸ್ ಬಂದ ಮೇಲೆ ಬಟ್ಟೆಯೂ ಮಾತೂ ಸರಿಹೋದವು. ತಪ್ಪು ತಿದ್ದಿಕೊಂಡವರ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ.

ತಕರಾರು ಬಂದದ್ದು ನನ್ನ ಮೇಲೆಯೇ. ಪುರಾಣದ ಪುಸ್ತಕಗಳನ್ನು ಸಾಲಾಗಿ ಹರಡಿ ನೋಡಿದೆ. ರಾಜ, ರಾಣಿ, ಋಷಿ ಬಹುಪಾಲು ಗೋಧಿಬಣ್ಣ, ಅಸುರರು ಕಡುಕಂದು. ಕೃಷ್ಣ ಎಂದರೇ ಕಪ್ಪು, ಅವನು ಮಾತ್ರ ನೀಲಿ. ಇಷ್ಟು ವರ್ಷ ಇದು ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ 1998ರ ಗ್ಯಾದರಿಂಗಿನಲ್ಲಿ ಹಾಗೆ ಮಾಡುತ್ತಿದ್ದೆನೇ?

ಬಕಾಸುರನ ನಾಟಕ. ಪಾತ್ರ ಹಂಚುವವನು ನಾನು. ತರಗತಿಯನ್ನೊಮ್ಮೆ ನೋಡಿ ಎಲ್ಲರಿಗಿಂತ ಕಪ್ಪಗಿದ್ದ ಹುಡುಗನನ್ನು ಎಬ್ಬಿಸಿ, "ಬಣ್ಣದ ಖರ್ಚು ಉಳೀತು" ಎಂದೆ. ಮಕ್ಕಳು ನಕ್ಕರು. ಅವನೂ ನಕ್ಕ. ಚೆನ್ನಾಗಿ ಅಭಿನಯಿಸಿದ, ಚಪ್ಪಾಳೆಯೂ ಬಂತು. ಆಮೇಲೆ ಶಾಲೆ ಬಿಡುವವರೆಗೂ ಅವನ ಹೆಸರು ಬಕ. ಒಮ್ಮೆ ಹಾಜರಿ ಕೂಗುವಾಗ ನನ್ನ ಬಾಯಲ್ಲೂ ಅದೇ ಬಂತು. ಮರುವರ್ಷದ ಗ್ಯಾದರಿಂಗಿಗೆ ಅವನಿಗೆ ಹೊಟ್ಟೆನೋವು.

ನಮ್ಮ ಕಡೆಯ ಯಕ್ಷಗಾನ ನೋಡಿ ಬೆಳೆದವನಿಗೆ ಇಷ್ಟು ಗೊತ್ತಿರಬೇಕಿತ್ತು. ಅಲ್ಲಿ ರಾಕ್ಷಸನ ಬಣ್ಣ ಚೌಕಿಯಲ್ಲಿ ಬರೆದದ್ದು. ಬೆಳಗಿನ ಜಾವ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಹೋಯಿತು. ನಾನು ಹಚ್ಚಿದ್ದಕ್ಕೆ ಎಣ್ಣೆ ಎಲ್ಲಿದೆ?

ಕಳೆದ ವಾರ ನಾಲ್ಕು ಪುಸ್ತಕಗಳನ್ನೂ ಭೂತಗನ್ನಡಿಗಳನ್ನೂ ಎಂಟನೇ ತರಗತಿಗೆ ಒಯ್ದೆ. ಬೆಳಕಿನ ಪಾಠ ನಡೆದಿತ್ತು. ಅಚ್ಚಿನ ಚಿತ್ರವನ್ನು ಗಾಜಿನಡಿ ನೋಡಿದರೆ ಬಣ್ಣ ಚುಕ್ಕಿಗಳಾಗಿ ಒಡೆಯುತ್ತದೆ: ತಿಳಿನೀಲಿ, ಮೆಜೆಂಟಾ, ಹಳದಿ, ಕಪ್ಪು. ಚುಕ್ಕಿ ದೊಡ್ಡದಾದಷ್ಟೂ ಬಣ್ಣ ಗಾಢ, ಸಣ್ಣದಾದರೆ ತಿಳಿ. ಹಿಂದಿನ ಬೆಂಚಿನ ಹುಡುಗನೊಬ್ಬ ಭೀಮನನ್ನೂ ಬಕನನ್ನೂ ಬಹಳ ಹೊತ್ತು ನೋಡಿ, "ಸರ್, ಇಬ್ಬರಲ್ಲೂ ಇರೋದು ಅವೇ ಚುಕ್ಕಿ. ಇವನಿಗೆ ಸ್ವಲ್ಪ ಜಾಸ್ತಿ ಹಾಕಿದ್ದಾರೆ ಅಷ್ಟೇ" ಎಂದ.

ಅವನು 1998ರ ಆ ಹುಡುಗನ ಮಗ.

ಗಂಟೆ ಬಾರಿಸಿದ ಮೇಲೆ ಬಂದು, ಪುಸ್ತಕ ಮನೆಗೆ ಒಯ್ಯಲೇ ಎಂದು ಕೇಳಿದ. ಬೇರೆ ಪುಸ್ತಕ ಕೊಡಲು ನೋಡಿದೆ, ಜಗದೀಶಚಂದ್ರ ಬೋಸರದ್ದಿತ್ತು. ಅವನಿಗೆ ಬಕನದ್ದೇ ಬೇಕು. ಕೊಟ್ಟೆ. ನಡುವೆ ಅವನ ಅಪ್ಪನ ಹೆಸರಿಗೆ ಒಂದು ಚೀಟಿ ಬರೆದಿಟ್ಟೆ. ಏಳು ಸಾಲು ಬರೆದು ಐದು ಹೊಡೆದುಹಾಕಿದ ಚೀಟಿ.

ಪುಸ್ತಕ ಸೋಮವಾರ ವಾಪಸು ಬಂತು. ಚೀಟಿ ಒಳಗಿರಲಿಲ್ಲ.