ಮಾರಿ ಗುರ್ತಿಲ್ಲದ ಜಗ್ ಮನಿಗ್ಯಾಕ?

ನಾವಿರೂ ಇಂಗ್ಲೆಂಡಿನ್ಯಾಗ ಹಳೇ ಸಾಮಾನಿನ ಅಂಗಡಿಗೆ ಹೋದ್ರ ಒಂದರೆ ಮಾರಿ ಜಗ್ ಕಣ್ಣಿಗೆ ಬಿದ್ದ ಬೀಳ್ತದ. ಪಿಂಗಾಣಿದು. ತಲಿ, ಭುಜ ಅಷ್ಟ, ಹಿಂದ ಒಂದು ಹಿಡಿಕಿ. ಇಡೀ ಮನುಷ್ಯಾ ಕೈಯಾಗ ಲೋಟ ಹಿಡಕೊಂಡು ಕೂತಿದ್ರ ಅದು ಟೋಬಿ ಜಗ್. 18ನೇ ಶತಮಾನದಾಗ ಸ್ಟಾಫರ್ಡ್‌ಶೈರ್ ಕುಂಬಾರರು ಮಾಡ್ಲಿಕ್ಕೆ ಹತ್ತಿದ್ದು. ಬರೇ ಮಾರಿ ಇದ್ರ ಕ್ಯಾರೆಕ್ಟರ್ ಜಗ್. ರಾಯಲ್ ಡೌಲ್ಟನ್‌ದಾಗ ಚಾರ್ಲ್ಸ್ ನೋಕ್ ಅನ್ನವರು 1934ರಾಗ ‘ಜಾನ್ ಬಾರ್ಲಿಕಾರ್ನ್’ನಿಂದ ಇದನ್ನ ಶುರು ಮಾಡಿದ್ರು. ಬಾರ್ಲಿ ಕಾಳಿಂದ ಆಗೂ ದಾರೂಗ ಇಲ್ಲಿ ಜನಪದರು ಕೊಟ್ಟ ಮನುಷ್ಯಾನ ರೂಪ ಅದು.

ನಮ್ಮ ಬಳಗದಾಗ ಇಬ್ಬರು ಮೂವರಿಗೆ ಇವನ್ನ ಕೂಡಸೂ ಹುಚ್ಚು ಹತ್ತೇದ. ನನಗೂ ಅದ, ಮುಚ್ಚಿಡೂದೇನು. ಕೂಡಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಯಾರ ಮಾರಿ ಅಂತ ಗೊತ್ತಿಲ್ಲದ ಜಗ್ ಒಂದೂ ತರಬ್ಯಾಡ್ರಿ.

ಯಾಕಂದ್ರ ಇದರ ಜೀವ ಇರೂದು ಕಥಿಯೊಳಗ. ಹಿಡಿಕಿ ನೋಡ್ರಿ. ರಾಣಿ ಆನ್ ಬೊಲಿನ್ ಜಗ್ಗಿಗೆ ಕೊಡ್ಲಿನ ಹಿಡಿಕಿ! ಗಂಡ ಎಂಟನೇ ಹೆನ್ರಿ 1536ರಾಗ ಆಕಿ ತಲಿ ಹೊಡಿಸಿದ. ಖರೇ ಹೇಳ್ಬೇಕಂದ್ರ ಹೊಡದದ್ದು ಕತ್ತಿಲೆ, ಕೊಡ್ಲಿಲೆ ಅಲ್ಲ. ಇದು ಗೊತ್ತಿದ್ದವರಿಗೆ ಆ ಜಗ್ ಕೈಯಾಗ ಹಿಡದ್ರ ಎದಿ ಝಲ್ ಅಂತದ. ಗೊತ್ತಿಲ್ಲದವರಿಗೆ ಅದು ಧೂಳ ವರಸೂ ಇನ್ನೊಂದು ಸಾಮಾನು.

ಮುದುಕರು ತೀರಿಕೊಂಡ ಮ್ಯಾಲೆ ಅವರ ಮನಿ ಜಗ್ಗೆಲ್ಲಾ ಪೇಪರ್‌ದಾಗ ಸುತ್ತಿ, ಡಬ್ಬಿ ತುಂಬಿ ಅಂಗಡಿಗೆ ಬರೂದು ನಾ ನೋಡೇನಿ. ಮಕ್ಕಳಿಗೆ ಮಾಯಾ ಇಲ್ಲ ಅಂತಲ್ಲ. ಇದು ಯಾರು, ಅವ್ವಗ ಯಾಕ ಸೇರತಿತ್ತು ಅಂತ ಅವರಿಗೆ ಯಾರೂ ಹೇಳಿರಂಗಿಲ್ಲ. ಇನ್ನ ರೊಕ್ಕ ಅಂತೀರೇನು? ಸಾವಿರಗಟ್ಟಲೆ ಮಾಡಿದ ಸಾದಾ ಜಗ್ಗಿಗೆ ದೊಡ್ಡ ಬೆಲಿ ಬರಂಗಿಲ್ಲ. ಬಂಗಾರದಂಗ ಅಡವಿಡ್ಲಿಕ್ಕೂ ಬರಂಗಿಲ್ಲ.

ತಗೊಳ್ಳೂ ಮುಂದ ಸಂತ್ಯಾಗ ಗಡಗಿ ಬಡದು ನೋಡಿಧಂಗ ಬೆರಳಿಲೆ ಬಡದು ನೋಡ್ರಿ. ಸೀಳಿದ್ರ ಸಪ್ಪಳ ಬೊದ್ದಾಗ್ತದ. ಟೊಪಗಿ ಅಂಚು, ಹಿಡಿಕಿ ಸುತ್ತ ಕೈ ಆಡಸ್ರಿ, ಹಚ್ಚಿ ಬಣ್ಣಾ ಬಳದಿದ್ರ ತಿಳೀತದ. ತಳದಾಗಿನ ಮುದ್ರಿ ಮ್ಯಾಲೆ ಗೀರು ಎಳದಿದ್ರ ಅದು ಎರಡನೇ ದರ್ಜಾದ್ದು.

ಮನಿಗೆ ತಂದ ಮ್ಯಾಲೆ ಒಂದು ಚೀಟಿ ಬರದು ಜಗ್ಗಿನ ಹೊಟ್ಟ್ಯಾಗ ಹಾಕ್ರಿ: ಇದು ಯಾರು, ಎಲ್ಲೆ ಸಿಕ್ತು, ಎಷ್ಟು ಕೊಟ್ಟೆ, ಯಾಕ ಮನಸ್ಸಾತು. ನಲವತ್ತು ಜಗ್ಗಿಗಿಂತ ಚೀಟಿ ಇದ್ದ ನಾಲ್ಕು ಜಗ್ ಹೆಚ್ಚಿನವು ಅಂತೀನಿ ನಾನು. ನಾಳೆ ಮಗಳೋ ಸೊಸಿನೋ ‘ಇದ್ಯಾರು?’ ಅಂದ್ರ ಉತ್ತರ ಸಿಗಬೇಕು. ಅದಿಲ್ಲಂದ್ರ ಆ ಜಾಗಾದಾಗ ಉಪ್ಪಿನಕಾಯಿ ಭರಣಿ ಇಡ್ರಿ, ಮನಿಮಂದಿಗೆ ಉಪಯೋಗರೆ ಆಗ್ತದ.