ಶೆಡ್ಡಿನೊಳಗೆ ಕೆಂಡ ಬೇಡ

ನಮ್ಮ ಮನೆಗೆ ಅಂಟಿಕೊಂಡೇ ಒಂದು ಕಾರ್ ಶೆಡ್ ಇದೆ. ಅಲ್ಲಿ ಕಾರು ನಿಂತದ್ದು ಮೊದಲ ಎರಡು ವರ್ಷ ಮಾತ್ರ. ಈಗ ಡ್ರಿಪ್ ರಿಪೇರಿ, ಸ್ಪ್ರೇಯರ್ ರಿಪೇರಿ, ಬೀಜ ಹಸನು ಮಾಡೋದು, ಸಸಿ ಟ್ರೇ ತುಂಬೋದು ಎಲ್ಲ ಅಲ್ಲೇ. ನಮ್ಮ ಚಿಕ್ಕಬಳ್ಳಾಪುರದ ಕಡೆ ಡಿಸೆಂಬರ್, ಜನವರಿಯ ಬೆಳಗಿನ ಜಾವ 12-13 ಡಿಗ್ರಿಗೆ ಇಳಿಯುತ್ತೆ. ಹಿಮ ಬೀಳುವ ದೇಶದವರು ಇದನ್ನು ಚಳಿ ಅಂತ ಒಪ್ಪಲಿಕ್ಕಿಲ್ಲ. ಆದರೆ ಮೇಲೆ ಒಂದೇ ಪದರದ ತಗಡು, ಕೆಳಗೆ ಕಾಂಕ್ರೀಟು, ಎದುರಿಗೆ ರೋಲಿಂಗ್ ಶಟರ್ ಇರುವ ಜಾಗದಲ್ಲಿ ಐದು ಗಂಟೆಗೆ ಕೂತು ಸ್ಪ್ಯಾನರ್ ಹಿಡಿದು ನೋಡಿ, ಬೆರಳು ಮಾತು ಕೇಳಲ್ಲ.

ಮೂರು ವರ್ಷದ ಹಿಂದೆ ನಾನೂ ಎಲ್ಲರಂತೆ ಹಳೇ ಕಬ್ಬಿಣದ ಬಾಣಲೆಗೆ ಇದ್ದಿಲು ಸುರಿದು, ಹೊರಗೆ ಹೊತ್ತಿಸಿ, ಹೊಗೆ ಪೂರ್ತಿ ನಿಂತ ಮೇಲೆ ಒಳಗಿಟ್ಟು ಶಟರ್ ಎಳೆದೆ. ಹೊಗೆ ಇಲ್ಲ ಅಂದಮೇಲೆ ಅಪಾಯ ಇಲ್ಲ ಅನ್ನೋ ಲೆಕ್ಕ. ಮುಕ್ಕಾಲು ಗಂಟೆಯಲ್ಲಿ ತಲೆ ಸಿಡಿಯೋಕೆ ಶುರುವಾಯ್ತು. ರಾತ್ರಿ ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂದ್ಕೊಂಡೆ. ಅಮ್ಮ ಕಾಫಿ ತಂದು ಶಟರ್ ತಟ್ಟಿದಾಗ ಎದ್ದರೆ ಕಾಲಲ್ಲಿ ಬಲವೇ ಇಲ್ಲ. ಶಟರ್ ಎತ್ತಿದ್ದೂ ಅಮ್ಮನೇ. ಜಗಲಿ ಮೇಲೆ ಕೂತು ವಾಂತಿ ಮಾಡಿಕೊಂಡೆ. ನಾಲ್ಕು ವರ್ಷ ತೋಟಗಾರಿಕೆ ಓದಿದ ತಲೆಗೆ ಇಷ್ಟೂ ಹೊಳೀಲಿಲ್ಲ.

ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡ್ಕೊಳ್ಳುತ್ತೆ. ಉಸಿರಾಡುತ್ತಲೇ ಇರ್ತೀವಿ, ಮೈಗೆ ಆಮ್ಲಜನಕ ಸಿಗಲ್ಲ. ಮೊದಲು ತಲೆನೋವು, ಆಮೇಲೆ ಮಂಪರು. ಮಲಗಿದ್ದವರಿಗೆ ಎಚ್ಚರವೇ ಆಗದೆ ಹೋಗಬಹುದು. ಹಾಗಾದಾಗ ಮೊದಲು ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆಗೆ ಹೋಗಿ. ಇದನ್ನು ಇಷ್ಟು ಉದ್ದ ಬರೆಯೋಕೆ ಕಾರಣ ರೇಷ್ಮೆ ಮನೆಗಳು. ಚಾಕಿ ಹುಳಕ್ಕೆ 27-28 ಡಿಗ್ರಿ ಕಾವು ಬೇಕು ಅಂತ ಬಾಗಿಲು ಕಿಟಕಿ ಮುಚ್ಚಿ ಇದ್ದಿಲ ಒಲೆ ಇಡ್ತೀವಿ, ನೋಡ್ಕೊಳ್ಳೋಕೆ ಅಂತ ಯಾರನ್ನೋ ಅಲ್ಲೇ ಮಲಗಿಸ್ತೀವಿ. ದಯವಿಟ್ಟು ಮಲಗಿಸಬೇಡಿ.

ಹಾಗಾದ್ರೆ ರೂಮ್ ಹೀಟರ್? ನನಗೆ ಅದರ ಮೇಲೂ ನಂಬಿಕೆ ಇಲ್ಲ. 2000 ವ್ಯಾಟಿನ ಹೀಟರ್ ಗಂಟೆಗೆ 2 ಯೂನಿಟ್ ತಿನ್ನುತ್ತೆ, ಸುಮಾರು 9 ಆಂಪಿಯರ್ ಎಳೆಯುತ್ತೆ. ಶೆಡ್ಡಿನಲ್ಲಿರೋದು 6 ಆಂಪಿಯರ್ ಪ್ಲಗ್ಗು, ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸು. ಬಾಕ್ಸ್ ಕರಗಿದ ಮೇಲೆ ಬುದ್ಧಿ ಬರುತ್ತೆ. ಜೊತೆಗೆ ಮೂಲೆಯಲ್ಲಿ ವೀಡ್ ಕಟರಿನ ಪೆಟ್ರೋಲ್ ಕ್ಯಾನ್ ಇರುತ್ತಲ್ಲ, ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಳ್ಳುತ್ತೆ. ಕೆಂಪಗೆ ಕಾದ ಕಾಯಿಲೂ ನೆಲದ ಮೇಲೇ ಇರುತ್ತೆ. ಇಷ್ಟಾಗಿಯೂ ಕಾದ ಗಾಳಿ ಮೇಲೇರಿ ತಗಡಿನಿಂದ ಹೊರಗೆ ಹೋಗುತ್ತೆ. ಆಕಾಶ ಕಾಯಿಸೋಕೆ ಬಿಲ್ ಕಟ್ಟಿದ ಹಾಗೆ.

ನನ್ನ ಅಭಿಪ್ರಾಯ: ನಮ್ಮ ಚಳಿಗೆ ಶೆಡ್ ಪೂರ್ತಿ ಕಾಯಿಸೋ ಅಗತ್ಯವೇ ಇಲ್ಲ. ಗಾಳಿ ನುಗ್ಗೋದನ್ನ ತಡೆದು, ಕೂರೋ ಜಾಗ ಒಂದನ್ನ ಬೆಚ್ಚಗಿಟ್ಟರೆ ಸಾಕು. ನಾನು ಶಟರಿನ ಬುಡಕ್ಕೆ ಮರಳು ತುಂಬಿದ ಗೋಣಿಚೀಲ ಅಡ್ಡ ಇಟ್ಟೆ. ತಗಡಿನ ಕೆಳಗೆ ಅರ್ಧ ಅಡಿ ಜಾಗ ಬಿಟ್ಟು ಬಿದಿರು ತಟ್ಟಿ ಕಟ್ಟಿದೆ, ಬೆಳಿಗ್ಗೆ ತೊಟ್ಟಿಕ್ಕುತ್ತಿದ್ದ ಇಬ್ಬನಿಯ ಕಾಟವೂ ಕಮ್ಮಿಯಾಯ್ತು. ಥರ್ಮೋಕೋಲ್ ಅಗ್ಗ ಅಂತ ಆಸೆಪಡಬೇಡಿ, ಬೇಗ ಬೆಂಕಿ ಹಿಡಿಯುತ್ತೆ. ಕಾಲಡಿಗೆ ಹಲಗೆ, ಅದರ ಮೇಲೆ ನಾರಿನ ಮ್ಯಾಟು. ಎಲ್ಲಕ್ಕಿಂತ ಹೆಚ್ಚು ಸುಖ ಕೊಟ್ಟಿದ್ದು ಈ ಹಲಗೆಯೇ. ಒಂದು ಮಾತು, ಹೀಗೆ ಸಂದು ಮುಚ್ಚಿದ ಶೆಡ್ಡಿನಲ್ಲಿ ಯಾವ ಬೆಂಕಿಯೂ ಕೂಡದು. ಎಂಜಿನ್ ಸ್ಟಾರ್ಟ್ ಮಾಡಿ ನೋಡೋದೂ ಹೊರಗೇ.

ಚಳಿಗೆ ಡ್ರಿಪ್ ಪೈಪು ಸೆಟೆದುಕೊಂಡು ಕನೆಕ್ಟರಿಗೆ ಹತ್ತಲ್ಲ ಅಂತ ಗುದ್ದಾಡ್ತೀವಲ್ಲ, ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಕೊಳ್ಳಿ. ತುದಿಯನ್ನು ಸ್ವಲ್ಪ ಹೊತ್ತು ಅದ್ದಿದರೆ ಸಲೀಸಾಗಿ ಕೂರುತ್ತೆ.

ಇನ್ನು ಸಸಿ ಟ್ರೇ. ಮೆಣಸಿನಕಾಯಿ, ಟೊಮೆಟೊ ಬೀಜ ಚೆನ್ನಾಗಿ ಮೊಳೆಯೋದು 25-30 ಡಿಗ್ರಿಯಲ್ಲಿ. ಅದಕ್ಕೂ ಶೆಡ್ ಕಾಯಿಸಬೇಕಿಲ್ಲ. ಹಳೇ ಮರದ ಪೆಟ್ಟಿಗೆಯಲ್ಲಿ 60 ವ್ಯಾಟಿನ ಫಿಲಮೆಂಟ್ ಬಲ್ಬು, ಒಂದು ಥರ್ಮಾಮೀಟರು. ರಾತ್ರಿ 12 ಗಂಟೆ ಉರಿದರೂ ಮುಕ್ಕಾಲು ಯೂನಿಟ್ ದಾಟಲ್ಲ. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತೆ, ಕಾವು ಬರಲ್ಲ. ನೀರು ಹನಿಸೋವಾಗ ಪ್ಲಗ್ ಕಿತ್ತಿಡಿ, ಬಲ್ಬಿಗೆ ಮರವಾಗಲಿ ಗೋಣಿಯಾಗಲಿ ತಾಗದಂತೆ ನೋಡ್ಕೊಳ್ಳಿ.

ಅಪ್ಪನಿಗೆ ಈ ಏರ್ಪಾಡು ಇನ್ನೂ ಒಪ್ಪಿಗೆಯಿಲ್ಲ. "ಕೆಂಡದ ಬಿಸಿಯೇ ಬೇರೆ ಕಣಪ್ಪಾ" ಅಂತಾರೆ. ಇರಬಹುದು. ಬಾಣಲೆಯನ್ನು ಅಂಗಳದ ಹುಣಸೆ ಮರದ ಕೆಳಗೆ ಇಟ್ಟಿದ್ದೀನಿ, ಬೆಳಿಗ್ಗೆ ಆರಕ್ಕೆ ಅಲ್ಲೇ ಕೂತು ಕೈ ಕಾಯಿಸ್ಕೊಳ್ತಾರೆ. ನಾನೂ ಕಾಫಿ ಹಿಡಿದು ಅಲ್ಲೇ ಹೋಗಿ ಕೂರ್ತೀನಿ.